ಹೊತ್ತಿಗೊಂದು ಸಂಖ್ಯೆ

ಸ್ಟಾಕ್‌ಹೋಮ್ ನಗರದ ವಾಯವ್ಯದ ಅಂಚಿಗೆ ಹೊಂದಿಕೊಂಡಿರುವ ಸುಂಡ್‌ಬೀಬರ್ಯ್ ಎಂಬ ಊರು ವಿಸ್ತೀರ್ಣದಲ್ಲಿ ಸ್ವೀಡನ್ ದೇಶದ ಪೌರಾಡಳಿತ ಕ್ಷೇತ್ರಗಳಲ್ಲೆಲ್ಲ ಅತ್ಯಂತ ಕಿರಿದಾದುದು; ಒಂಬತ್ತು ಚದರ ಕಿಲೋಮೀಟರಿಗೂ ತುಸು ಕಡಿಮೆಯಾದ ಆ ನೆಲದಲ್ಲಿ ಮನೆಗಳು ಒಂದಕ್ಕೊಂದು ಒತ್ತೊತ್ತಾಗಿ ನಿಂತಿವೆ. ಆದರೂ ಮನುಷ್ಯನ ಮಾತನ್ನು ದೂರಕ್ಕೆ ಸಾಗಿಸಿದ ತಂತಿಯ ಚರಿತ್ರೆಯಲ್ಲಿ ಈ ಪುಟ್ಟ ಊರಿಗೆ ದೊಡ್ಡ ಸ್ಥಾನವುಂಟು. ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ ಬಂದು ಸ್ವೀಡನ್ನಿನಲ್ಲಿ ನೆಲೆಸಿದ್ದ ಮ್ಯಾಕ್ಸ್ ಸೀವರ್ಟ್ ಎಂಬ ಉದ್ಯಮಿಯು 1888ರಲ್ಲಿ ಇಲ್ಲಿ ಕೇಬಲ್ ಕಾರ್ಖಾನೆಯೊಂದನ್ನು ತೆರೆದನು. 1928ರಲ್ಲಿ ಅದು ಎರಿಕ್ಸನ್ ಕಂಪನಿಯ ವಶಕ್ಕೆ ಬಂದಿತು. ತಾಮ್ರದ ಎಳೆಗಳನ್ನು ಜೋಡಿಜೋಡಿಯಾಗಿ ಹೊಸೆದು, ಕಾಗದವನ್ನು ಸುತ್ತಿ, ಸೀಸದ ಕವಚದೊಳಗೆ ಸೇರಿಸಿ ಟೆಲಿಫೋನಿನ ಕೇಬಲ್ಲನ್ನು ಸಿದ್ಧಪಡಿಸುವ ಕಾಯಕ ಈ ಊರಿನ ಎಷ್ಟೋ ಸಂಸಾರಗಳಿಗೆ ತಲೆಮಾರುಗಳ ಕಾಲ ಅನ್ನವನ್ನು ಕೊಟ್ಟಿತು.

ಮಾತಿಗೆಂದು ನೆಲದಡಿಯಲ್ಲಿ ಹಾಸಿದ ಅಂಥ ತಂತಿಗಳೇ 1990ರ ದಶಕದಲ್ಲಿ ಅಂತರಜಾಲದ ಮಾರ್ಗಗಳಾದುವು. ಸ್ವೀಡನ್ನಿಗೆ ಆ ಜಾಲದ ಪರಿಚಯ ಬಹು ಮುಂಚೆಯೇ ಆಗಿತ್ತು: 1983ರ ಏಪ್ರಿಲ್ 7ರಂದು ಎನಿಯಾ ಎಂಬ ಸಂಸ್ಥೆಯ ಬ್ಯೋರ್ನ್ ಎರಿಕ್ಸೆನ್ ಆಮ್ಸ್ಟರ್‌ಡ್ಯಾಮಿನಿಂದ ಬಂದ ಮೊದಲ ಇ-ಅಂಚೆಯನ್ನು ಸ್ವೀಕರಿಸಿದರು, ದೇಶದ ಹೆಸರಿನ ಬಾಲವಾದ ಡಾಟ್ ಎಸ್‌ಇ 1986ರ ಸೆಪ್ಟೆಂಬರ್ 4ರಂದು ಅವರ ಹೊಣೆಗಾರಿಕೆಯಲ್ಲಿಯೇ ನೋಂದಣಿಯಾಯಿತು. 1991ರಲ್ಲಿ ಟೆಲೆ2 ಎಂಬ ಸಂಸ್ಥೆಯ ಸ್ವಿಪ್‌ನೆಟ್ ವಾಣಿಜ್ಯ ಸೇವೆಯನ್ನು ಆರಂಭಿಸಿತು. 1994ರಲ್ಲಿ ಆಲ್ಗೋನೆಟ್ ಸಾಮಾನ್ಯ ಗೃಹಸ್ಥರಿಗೆ ದೂರವಾಣಿಯ ಮೂಲಕ ಜಾಲವನ್ನು ತಲುಪಿಸತೊಡಗಿತು. ಅದೇ ವರ್ಷದ ಫೆಬ್ರವರಿ 4ರಂದು ಪ್ರಧಾನಿ ಕಾರ್ಲ್ ಬಿಲ್ಟ್ ಅಮೆರಿಕದ ಅಧ್ಯಕ್ಷ ಕ್ಲಿಂಟನ್ನರಿಗೆ ಇ-ಅಂಚೆ ಕಳುಹಿಸಿ, ಮರುದಿನವೇ ಉತ್ತರವನ್ನೂ ಪಡೆದರು. 1998ರಲ್ಲಿ, ಉದ್ಯೋಗದಾತನ ಮೂಲಕ ಕಂಪ್ಯೂಟರನ್ನು ಬಾಡಿಗೆಗೆ ಪಡೆದು ಮನೆಯಲ್ಲಿಟ್ಟುಕೊಳ್ಳುವವರಿಗೆ ತೆರಿಗೆಯ ರಿಯಾಯಿತಿ ನೀಡುವ ಕಾನೂನು ಜಾರಿಗೆ ಬಂದಾಗ, ಕಾರ್ಖಾನೆಯ ಕೆಲಸಗಾರನ ಮನೆಗೂ ಆ ಯಂತ್ರ ಬಂದು ಕುಳಿತಿತು. ಟೆಲಿಫೋನಿನ ತಂತಿಯಂತೂ ಮೊದಲೇ ಮನೆಮನೆಯಲ್ಲಿದ್ದಿತು. ಬೇಕಾದುದು ನಡುವೆ ಒಂದು ಮೋಡೆಮ್ ಮಾತ್ರ.

ನಾನು ಇಲ್ಲಿ ವಿವರಿಸಬೇಕೆಂದಿರುವುದು ಆ ತಂತಿಯ ತುದಿಯಲ್ಲಿ ಕುಳಿತವನಿಗೆ ದೊರೆಯುತ್ತಿದ್ದ ಒಂದು ಸಂಖ್ಯೆಯನ್ನು. ಐಪಿ ವಿಳಾಸವೆಂದು ಹೆಸರಾದ ಆ ಸಂಖ್ಯೆ ಯಾರದು, ಎಷ್ಟು ಹೊತ್ತು ಆತನದು, ಆ ಹೊತ್ತು ಕಳೆದ ಮೇಲೆ ಅದು ಯಾವುದಕ್ಕೆ ಸಾಕ್ಷಿ ಎಂಬ ಪ್ರಶ್ನೆಗಳನ್ನು, ಟೆಲಿಫೋನಿನಲ್ಲಿ ಕರೆಮಾಡಿ ಜಾಲವನ್ನು ಸೇರುವ ಡಯಲ್-ಅಪ್ಪಿನ ಕಾಲದಲ್ಲಿ, ಯಂತ್ರಶಾಸ್ತ್ರಜ್ಞರು ಮಾತ್ರ ಕೇಳುತ್ತಿದ್ದರು. ಇಂದು ನ್ಯಾಯಾಲಯಗಳು ಕೇಳುತ್ತಿವೆ. ಉತ್ತರವನ್ನು ತಪ್ಪಾಗಿ ತಿಳಿದುದರ ಫಲವಾಗಿ ನಿರಪರಾಧಿಗಳು ಸೆರೆಮನೆಯಲ್ಲಿ ದಿನಗಳನ್ನು ಕಳೆದಿದ್ದಾರೆ. ಆದಕಾರಣ ವಿಷಯವನ್ನು ಬುಡದಿಂದ ನೋಡುವುದು ಉಚಿತ.

ಮೋಡೆಮ್ ಸೇವಾದಾತನ ಸಂಖ್ಯೆಗೆ ಕರೆಮಾಡಿ, ಆ ಕಡೆಯ ಮೋಡೆಮಿನೊಡನೆ ಸ್ವರವನ್ನೂ ವೇಗವನ್ನೂ ಹೊಂದಿಸಿಕೊಂಡ ಮೇಲೆ, ಎರಡು ಯಂತ್ರಗಳ ನಡುವೆ ಕ್ಷಣಮಾತ್ರದ ಸಂಭಾಷಣೆಯೊಂದು ನಡೆಯುತ್ತಿತ್ತು. ಪಾಯಿಂಟ್-ಟು-ಪಾಯಿಂಟ್ ಪ್ರೊಟೊಕಾಲ್, ಸಂಕ್ಷೇಪವಾಗಿ ಪಿಪಿಪಿ, ಎಂಬ ಒಡಂಬಡಿಕೆಯು ಆ ಸಂಭಾಷಣೆಯ ಕ್ರಮವನ್ನು ನಿಯಮಿಸಿತ್ತು. ಮೊದಲು ಗೆರೆಯ ಗುಣಾವಗುಣಗಳ ವಿಚಾರ. ಅನಂತರ ಹೆಸರು ಮತ್ತು ಗುಪ್ತಪದಗಳ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದ ಮೇಲೆ ವಿಳಾಸದ ಬೇಡಿಕೆ. ಮನೆಯ ಕಂಪ್ಯೂಟರು 0.0.0.0 ಎಂಬ ನಾಲ್ಕು ಸೊನ್ನೆಗಳನ್ನು ಮುಂದಿಟ್ಟು, ಇದು ನನ್ನ ವಿಳಾಸವಾಗಬಹುದೇ ಎಂದು ಕೇಳುವುದು. ಆ ಕಡೆಯ ಯಂತ್ರ ಆ ಸೊನ್ನೆಯನ್ನು ನಿರಾಕರಿಸಿ, ಅದರ ಸ್ಥಾನದಲ್ಲಿ ತನ್ನ ಬಳಿ ಬಿಡುವಾಗಿರುವ ವಿಳಾಸವೊಂದನ್ನು ಸೂಚಿಸುವುದು. ಕಂಪ್ಯೂಟರು ಆ ಸೂಚಿತ ವಿಳಾಸವನ್ನೇ ಮತ್ತೆ ಬೇಡುವುದು. ಆಗ ಅಸ್ತು ಎಂಬ ಉತ್ತರ ಬರುವುದು. ತನ್ನದೆಂಬುದು ಏನೂ ಇಲ್ಲವೆಂದು ಮೊದಲೇ ಒಪ್ಪಿಕೊಂಡು ಬರುವವನಿಗೆ ಕೊಡುವವನೇ ಕೇಳುವ ರೀತಿಯನ್ನು ಕಲಿಸುವ ಈ ವಿನಯದ ಕ್ರಮ, ಯಂತ್ರಗಳ ಲೋಕದಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಏರ್ಪಾಟುಗಳಲ್ಲೊಂದು. ಇದಕ್ಕೆ ಹಿಂದೆ ಬಳಕೆಯಲ್ಲಿದ್ದ ಸ್ಲಿಪ್ ಎಂಬ ಒಡಂಬಡಿಕೆಯಲ್ಲಿ ಹೀಗೆ ಕೇಳಿ ಪಡೆಯುವ ಮಾರ್ಗವೇ ಇರಲಿಲ್ಲ. ಸೇವಾದಾತನು ಚೀಟಿಯಲ್ಲಿ ಬರೆದುಕೊಟ್ಟುದನ್ನೋ ಪರದೆಯ ಮೇಲೆ ತೋರಿಸಿದುದನ್ನೋ ಬಳಕೆದಾರನು ತಾನೇ ತುಂಬಿಕೊಳ್ಳಬೇಕಾಗಿತ್ತು.

ಒಬ್ಬೊಬ್ಬ ಚಂದಾದಾರನಿಗೆ ಒಂದೊಂದು ವಿಳಾಸವನ್ನು ಶಾಶ್ವತವಾಗಿ ಕೊಟ್ಟುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಅಂದಿನ ವಿಳಾಸ 32 ಬಿಟ್ಟುಗಳ ಸಂಖ್ಯೆ. ಅಂದರೆ ಒಟ್ಟು ವಿಳಾಸಗಳು 4,29,49,67,296, ಸುಮಾರು 429 ಕೋಟಿ. ಆರಂಭದ ದಿನಗಳಲ್ಲಿ ವಿಶ್ವವಿದ್ಯಾಲಯಗಳೂ ಕಂಪನಿಗಳೂ 65,536 ವಿಳಾಸಗಳ ಗುಂಪನ್ನು ಒಂದೇ ಅರ್ಜಿಗೆ ಪಡೆದುದುಂಟು. 1990ರ ದಶಕದ ಆದಿಯಲ್ಲಿಯೇ ಈ ಉದಾರತೆ ಬಹುಕಾಲ ನಡೆಯಲಾರದೆಂಬುದು ಬಲ್ಲವರಿಗೆ ಸ್ಪಷ್ಟವಾಗಿತ್ತು. 1992ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಆರಂಭವಾದ ರೈಪ್ ಎನ್‌ಸಿಸಿ ಸಂಸ್ಥೆ ಯುರೋಪಿನ ವಿಳಾಸಗಳ ಹಂಚಿಕೆಯನ್ನು ಕೈಗೆತ್ತಿಕೊಂಡು, ಎಷ್ಟು ಬೇಕು, ಏಕೆ ಬೇಕು ಎಂದು ಕೇಳತೊಡಗಿತು. ಇತ್ತ ಡಯಲ್-ಅಪ್ಪಿನ ಚಂದಾದಾರರೆಲ್ಲ ಏಕಕಾಲದಲ್ಲಿ ಜಾಲವನ್ನು ಪ್ರವೇಶಿಸುವುದಿಲ್ಲ. ಹತ್ತು ಮಂದಿಗೆ ಒಂದು ಮೋಡೆಮ್ ಎಂಬಂಥ ಲೆಕ್ಕ ಆ ವ್ಯವಹಾರದಲ್ಲಿ ಸಾಮಾನ್ಯವಾಗಿತ್ತು. ಮೋಡೆಮುಗಳು ಎಷ್ಟೋ ಅಷ್ಟೇ ವಿಳಾಸಗಳಿದ್ದರೆ ಸಾಕು. ಒಬ್ಬನು ಕರೆಯನ್ನು ಮುಗಿಸಿದೊಡನೆ ಅವನ ವಿಳಾಸ ಇನ್ನೊಬ್ಬನದಾಗಬಹುದು.

ನಮ್ಮ ಕಡೆಯ ತೀರ್ಥಕ್ಷೇತ್ರದ ಛತ್ರವೊಂದನ್ನು ಓದುಗರು ನೆನೆಯಬೇಕು. ಯಾತ್ರಿಕನು ರಾತ್ರಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ; ಪಾರುಪತ್ಯಗಾರನು ಅವನ ಹೆಸರು ಊರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು, ತೆರವಾಗಿರುವ ಕೊಠಡಿಗಳಲ್ಲಿ ಒಂದರ ಬೀಗದ ಕೈಯನ್ನು ಕೊಡುತ್ತಾನೆ; ಬೆಳಗ್ಗೆ ಆತನು ದೇವರ ದರ್ಶನ ಮಾಡಿ ಹೊರಟುಹೋದ ಮೇಲೆ, ಅದೇ ಕೊಠಡಿಗೆ ಮತ್ತಾವ ಊರಿನ ಮತ್ತಾವ ಸಂಸಾರವೋ ಬಂದು ಇಳಿಯುತ್ತದೆ. ಹನ್ನೆರಡನೆಯ ಕೊಠಡಿಯವನು ಸಾಲವನ್ನು ಕೊಡದೆ ಹೋದನೆಂದು ಅಂಗಡಿಯವನೊಬ್ಬನು ಬಂದು ದೂರಿದರೆ, ಯಾವ ದಿನ, ಯಾವ ಹೊತ್ತು ಎಂದು ಕೇಳದೆ, ಆ ಘಳಿಗೆಯಲ್ಲಿ ಅಲ್ಲಿ ಮಲಗಿರುವವನನ್ನು ಎಬ್ಬಿಸಿ ತಂದು ನಿಲ್ಲಿಸುವ ಪಾರುಪತ್ಯಗಾರನನ್ನು ಯಾರೂ ನ್ಯಾಯವಂತನೆನ್ನುವುದಿಲ್ಲ. ಬದಲಾಗುವ ಐಪಿ ವಿಳಾಸ ಇಂಥ ಕೊಠಡಿಯ ಸಂಖ್ಯೆ. ಹೊತ್ತನ್ನು ಕೂಡಿಸಿ ಹೇಳಿದಾಗ ಮಾತ್ರ ಅದು ಒಬ್ಬನನ್ನು ತೋರಿಸುತ್ತದೆ. ಹೊತ್ತನ್ನು ಬಿಟ್ಟು ಹೇಳಿದಾಗ ಅದು ಯಾರನ್ನೂ ತೋರಿಸುವುದಿಲ್ಲ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಮಾತಿನಿಂದ ಹೊರಡುತ್ತದೆ.

ಪುಸ್ತಕವನ್ನು ಬರೆಯುವ ಕೆಲಸವನ್ನೂ ಯಂತ್ರವೇ ಮಾಡುತ್ತಿತ್ತು. ಅಮೆರಿಕದ ಲಿವಿಂಗ್‌ಸ್ಟನ್ ಎಂಬ ಕಂಪನಿಯಲ್ಲಿ ಹುಟ್ಟಿ, 1997ರಲ್ಲಿ ಸಾರ್ವಜನಿಕ ದಸ್ತಾವೇಜಾಗಿ ಪ್ರಕಟವಾದ ರೇಡಿಯಸ್ ಎಂಬ ಪದ್ಧತಿ ಡಯಲ್-ಅಪ್ ಸೇವಾದಾತರಲ್ಲೆಲ್ಲ ಹರಡಿತು. ಗುಪ್ತಪದವನ್ನು ಒಂದೆಡೆ ಪರೀಕ್ಷಿಸುವುದು ಅದರ ಒಂದು ಕೆಲಸ, ಲೆಕ್ಕವಿಡುವುದು ಇನ್ನೊಂದು. ಕರೆ ಆರಂಭವಾದಾಗ ಒಂದು ನಮೂದು, ಮುಗಿದಾಗ ಮತ್ತೊಂದು: ಇಂಥ ಚಂದಾದಾರ, ಇಂಥ ಮೋಡೆಮ್, ಇಂಥ ವಿಳಾಸ, ಇಷ್ಟು ಸೆಕೆಂಡು. ಮೂಲತಃ ಇದು ಹಣದ ಲೆಕ್ಕ. ಗಂಟೆಗಿಷ್ಟು ಎಂದು ಶುಲ್ಕ ವಿಧಿಸುವವನಿಗೆ ಗಂಟೆಯ ಲೆಕ್ಕ ಬೇಕೇ ಬೇಕು. ಬಿಲ್ಲಿಗಾಗಿ ಬರೆದ ಈ ಪುಸ್ತಕವೇ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುವುದೆಂದು ಅದನ್ನು ರೂಪಿಸಿದವರು ಎಷ್ಟರಮಟ್ಟಿಗೆ ಯೋಚಿಸಿದ್ದರೋ. ಬಿಲ್ಲಿನಲ್ಲಿ ಒಂದು ನಿಮಿಷದ ತಪ್ಪಾದರೆ ಕೆಲವು ಕಾಸುಗಳ ನಷ್ಟ, ಸಾಕ್ಷ್ಯದಲ್ಲಿ ಒಂದು ನಿಮಿಷದ ತಪ್ಪಾದರೆ ಮನುಷ್ಯನೇ ಬದಲಾಗುತ್ತಾನೆ.

ಸ್ವೀಡನ್ನಿನಂಥ ದೇಶದಲ್ಲಿ ಈ ಚಂಚಲ ಸಂಖ್ಯೆಯ ಪ್ರವೇಶವನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ಅಲ್ಲಿ 1947ರಿಂದಲೂ ಪ್ರತಿಯೊಬ್ಬ ನಿವಾಸಿಗೂ ಒಂದು ವ್ಯಕ್ತಿಸಂಖ್ಯೆಯುಂಟು. ಹುಟ್ಟಿದ ತಾರೀಖಿನಿಂದ ಆರಂಭವಾಗಿ ನಾಲ್ಕು ಅಂಕಿಗಳಲ್ಲಿ ಮುಗಿಯುವ ಆ ಸಂಖ್ಯೆ ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುತ್ತದೆ. ಆಸ್ಪತ್ರೆ, ಶಾಲೆ, ಬ್ಯಾಂಕು, ತೆರಿಗೆಯ ಕಚೇರಿ, ಎಲ್ಲಿ ಹೋದರೂ ಮೊದಲ ಪ್ರಶ್ನೆ ಅದೇ. ಬೆಂಗಳೂರಿನಿಂದ ಬಂದು ಸುಂಡ್‌ಬೀಬರ್ಯ್‌ನ ನೆರೆಯ ಶೀಸ್ತಾದ ಕಚೇರಿಗಳಲ್ಲಿ ಕೆಲಸಕ್ಕೆ ಸೇರುವ ನಮ್ಮ ಹುಡುಗರಿಗೂ ಆ ಸಂಖ್ಯೆ ಕೈಗೆ ಬರುವವರೆಗೆ ಜೀವನ ಅರ್ಧಕ್ಕೆ ನಿಂತಂತೆಯೇ. ಟೆಲಿಫೋನಿನ ಸಂಖ್ಯೆಯೂ ಮನೆಗೆ ಅಂಟಿಕೊಂಡುದಾಗಿತ್ತು; ಸ್ಟಾಕ್‌ಹೋಮ್ ಸುತ್ತಿನ ಊರುಗಳಿಗೆಲ್ಲ ಸೊನ್ನೆ ಎಂಟರಿಂದ ಆರಂಭವಾಗುವ ಸಂಖ್ಯೆ, ವರ್ಷಗಟ್ಟಲೆ ಪುಸ್ತಕದಲ್ಲಿ ಒಂದೇ ಹೆಸರಿನ ಎದುರಿಗೆ. ಸಂಖ್ಯೆಯೆಂದರೆ ಸ್ಥಿರವಾದುದು, ಒಬ್ಬನಿಗೆ ಸೇರಿದುದು ಎಂಬ ಭಾವನೆ ಇಷ್ಟು ಆಳವಾಗಿ ಬೇರೂರಿದ ಸಮಾಜಕ್ಕೆ, ಸಂಜೆ ಏಳಕ್ಕೆ ಒಬ್ಬರದು, ಎಂಟಕ್ಕೆ ಮತ್ತೊಬ್ಬರದು ಆಗುವ ಸಂಖ್ಯೆ ಬಂದಿತು. ಅದನ್ನು ಹಳೆಯ ಸಂಖ್ಯೆಗಳ ಜಾತಿಗೆ ಸೇರಿಸಿ ಭಾವಿಸುವ ಪ್ರಮಾದಕ್ಕೆ ಆಸ್ಪದ ಆಗಲೇ ಉಂಟಾಯಿತು.

ವಿಳಾಸ ಬದಲಾಗುವುದರಿಂದ ಬಳಕೆದಾರನಿಗೆ ಒದಗಿದ ತೊಡಕೆಂದರೆ, ಅವನನ್ನು ಹುಡುಕಿಕೊಂಡು ಬರಲು ಯಾರಿಗೂ ಆಗದು. ತನ್ನ ಕಂಪ್ಯೂಟರಿನಲ್ಲಿ ಪುಟವೊಂದನ್ನು ಇರಿಸಿ ಸ್ನೇಹಿತರನ್ನು ಕರೆದರೆ, ನಿನ್ನೆಯ ವಿಳಾಸಕ್ಕೆ ಬಂದವರು ಅಪರಿಚಿತನ ಬಾಗಿಲನ್ನು ತಟ್ಟಿದಂತಾಗುವುದು. 1996ರಲ್ಲಿ ಇಸ್ರೇಲಿನ ಕೆಲವು ತರುಣರು ಹೊರತಂದ ಐಸಿಕ್ಯೂ ಎಂಬ ಸಂದೇಶಸೇವೆ ಅಷ್ಟು ಬೇಗ ಜಗತ್ತನ್ನು ವ್ಯಾಪಿಸಿದುದಕ್ಕೆ ಇದೂ ಒಂದು ಕಾರಣ: ಒಬ್ಬನು ಜಾಲಕ್ಕೆ ಬಂದೊಡನೆ ಆ ಹೊತ್ತಿನ ಅವನ ವಿಳಾಸವನ್ನು ಕೇಂದ್ರದ ಯಂತ್ರ ತಿಳಿದುಕೊಂಡು, ಅವನ ಬಳಗಕ್ಕೆ ಸುದ್ದಿ ಮುಟ್ಟಿಸುತ್ತಿತ್ತು.

ಇನ್ನು ಖಾಸಗಿ ವಿಳಾಸದ ವಿಚಾರ. 1996ರ ಫೆಬ್ರವರಿಯಲ್ಲಿ ಪ್ರಕಟವಾದ ಆರ್‌ಎಫ್‌ಸಿ 1918 ಎಂಬ ದಸ್ತಾವೇಜು ಮೂರು ವಿಳಾಸಸಮೂಹಗಳನ್ನು ಸಾರ್ವಜನಿಕ ಜಾಲದಿಂದ ಹೊರಗಿರಿಸಿ, ಯಾರು ಬೇಕಾದರೂ ತಮ್ಮ ಗೋಡೆಗಳೊಳಗೆ ಬಳಸಿಕೊಳ್ಳಬಹುದೆಂದು ಸಾರಿತು. 10ರಿಂದ ಆರಂಭವಾಗುವ 1,67,77,216 ವಿಳಾಸಗಳು, 172.16ರಿಂದ 172.31ರವರೆಗಿನ 10,48,576 ವಿಳಾಸಗಳು, 192.168ರಿಂದ ಆರಂಭವಾಗುವ 65,536 ವಿಳಾಸಗಳು. ಈ ದಸ್ತಾವೇಜಿನ ಐವರು ಕರ್ತೃಗಳಲ್ಲಿ ಡೇನಿಯಲ್ ಕಾರೆನ್‌ಬರ್ಗ್ ಮತ್ತು ಖೇರ್ಟ್ ಯಾನ್ ಡ ಖ್ರೋಟ್ ಎಂಬಿಬ್ಬರು ಮೇಲೆ ಹೇಳಿದ ಆಮ್ಸ್ಟರ್‌ಡ್ಯಾಮಿನ ಸಂಸ್ಥೆಯವರೇ. ವಿಳಾಸಗಳ ಬಡತನವನ್ನು ದಿನನಿತ್ಯ ಕಣ್ಣಾರೆ ಕಾಣುತ್ತಿದ್ದವರು ಅದಕ್ಕೊಂದು ಪರಿಹಾರವನ್ನು ಹುಡುಕಿದುದು ಸಹಜವೇ. ಖಾಸಗಿ ವಿಳಾಸ ಹೊತ್ತ ಮಾಹಿತಿಯ ಪೊಟ್ಟಣ ಸಾರ್ವಜನಿಕ ಹಾದಿಗೆ ಬಂದರೆ ಅದನ್ನು ಯಾರೂ ಮುಂದಕ್ಕೆ ಸಾಗಿಸಬಾರದು. ಆದುದರಿಂದ ಗಡಿಯಲ್ಲಿ ನಿಂತ ಯಂತ್ರವೊಂದು ಒಳಗಿನ ವಿಳಾಸವನ್ನು ಅಳಿಸಿ ತನ್ನ ಸಾರ್ವಜನಿಕ ವಿಳಾಸವನ್ನು ಬರೆದು ಕಳುಹಿಸುತ್ತದೆ, ಉತ್ತರ ಬಂದಾಗ ಯಾರ ಪ್ರಶ್ನೆಗೆ ಬಂದ ಉತ್ತರವೆಂದು ತನ್ನ ಪಟ್ಟಿಯಲ್ಲಿ ನೋಡಿ ಒಳಕ್ಕೆ ಮುಟ್ಟಿಸುತ್ತದೆ. ನ್ಯಾಟ್ ಎಂಬ ಈ ಉಪಾಯವನ್ನು 1994ರಲ್ಲಿ ಶೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ವಿವರಿಸಿ ಬರೆದರು. 1999ರಲ್ಲಿ ಬಂದ ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಇದು ಮನೆಮಂದಿಗೂ ಎಟುಕುವಂತಾಯಿತು: ಮೋಡೆಮ್ ಇರುವ ಕಂಪ್ಯೂಟರಿಗೆ ಒಳಮುಖವಾಗಿ 192.168.0.1 ಎಂಬ ಸ್ಥಿರ ವಿಳಾಸ, ಹೊರಮುಖವಾಗಿ ಸೇವಾದಾತನು ಆ ಹೊತ್ತಿಗೆ ಕೊಟ್ಟ ವಿಳಾಸ. ಉಳಿದ ಕಂಪ್ಯೂಟರುಗಳು ಅದರ ಬೆನ್ನ ಹಿಂದೆ. ಕೆಲವು ಸೇವಾದಾತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕರೆಮಾಡಿದವನಿಗೇ 10ರಿಂದ ಆರಂಭವಾಗುವ ಖಾಸಗಿ ವಿಳಾಸವನ್ನು ಕೊಟ್ಟುಬಿಡುತ್ತಿದ್ದರು. ಅಂಥವನು ಪುಟಗಳನ್ನು ಓದಬಲ್ಲ, ಅಂಚೆಯನ್ನು ತರಿಸಿಕೊಳ್ಳಬಲ್ಲ. ಆದರೆ ಸ್ನೇಹಿತನೊಬ್ಬನು ಕಡತವನ್ನು ನೇರವಾಗಿ ಅವನಿಗೆ ಕಳುಹಿಸಹೊರಟರೆ ದಾರಿಯೇ ಇರುವುದಿಲ್ಲ. ಕೇಳಬಲ್ಲ, ಕರೆಯಿಸಿಕೊಳ್ಳಲಾರ ಎಂಬ ಈ ಸ್ಥಿತಿಯನ್ನು ಜಾಲದ ಪೂರ್ಣ ಪೌರತ್ವವೆಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಇಂದಿಗೂ ಸಿದ್ಧವಿಲ್ಲ.

ಕರ್ನಾಟಕದಲ್ಲಿ ಈ ಖಾಸಗಿ ವಿಳಾಸ ಬಹುಜನರಿಗೆ ಒದಗಿದುದು ಸೈಬರ್ ಕೆಫೆಗಳಲ್ಲಿ. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದಾಗ, ಅಗ್ಗದ ಖಾತೆಯವರಿಗೆ ದೊರೆಯುತ್ತಿದ್ದುದು ಅಕ್ಷರಗಳು ಮಾತ್ರ ಕಾಣುವ ಶೆಲ್ ಖಾತೆ. ಅದರಲ್ಲಿ ಬಳಕೆದಾರನ ಕಂಪ್ಯೂಟರಿಗೆ ಸ್ವಂತ ವಿಳಾಸವೇ ಇಲ್ಲ, ನಿಗಮದ ದೊಡ್ಡ ಯಂತ್ರದ ವಿಳಾಸವೇ ಎಲ್ಲರದೂ. ಚಿತ್ರಗಳನ್ನು ನೋಡಬೇಕೆನ್ನುವವರು ಹೆಚ್ಚಿನ ಹಣ ತೆತ್ತು ಟಿಸಿಪಿ-ಐಪಿ ಖಾತೆ ಪಡೆಯಬೇಕಾಗಿತ್ತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ತನ್ನ ಮೊದಲ ಅಂಗಡಿಯನ್ನು ತೆರೆದುದೂ ಕಾಫಿಯೊಡನೆ ಅಂತರಜಾಲವನ್ನು ಒದಗಿಸುವ ಕೆಫೆಯಾಗಿಯೇ. ಅನಂತರದ ವರ್ಷಗಳಲ್ಲಿ ತಾಲ್ಲೂಕು ಊರುಗಳ ಬಸ್ ನಿಲ್ದಾಣಗಳ ಎದುರಿಗೂ ಇಂಥ ಅಂಗಡಿಗಳು ತಲೆಯೆತ್ತಿದುವು. ಒಂದೇ ಟೆಲಿಫೋನ್ ಗೆರೆ, ಮರದ ಹಲಗೆಗಳಿಂದ ಬೇರ್ಪಡಿಸಿದ ಆರೆಂಟು ಕಂಪ್ಯೂಟರುಗಳು, ಪರೀಕ್ಷೆಯ ಫಲಿತಾಂಶವನ್ನು ನೋಡಲು ಬಂದ ಮಕ್ಕಳ ಸಾಲು. ಅಷ್ಟೂ ಮಂದಿ ಹೊರಲೋಕಕ್ಕೆ ಒಂದೇ ವಿಳಾಸದಲ್ಲಿ ಕಾಣಿಸಿಕೊಳ್ಳುತ್ತಿದ್ದರು, ಆ ವಿಳಾಸವೂ ಗೆರೆ ಕಡಿದು ಮತ್ತೆ ಕೂಡಿದಾಗಲೆಲ್ಲ ಬದಲಾಗುತ್ತಿತ್ತು. 2004ರಲ್ಲಿ ಕರ್ನಾಟಕ ಸರಕಾರವು ಸೈಬರ್ ಕೆಫೆಗಳು ಗ್ರಾಹಕರ ಗುರುತನ್ನು ದಾಖಲಿಸಿಡಬೇಕೆಂಬ ನಿಯಮವನ್ನು ಮಾಡಿತು. ಸೇವಾದಾತನ ಪುಸ್ತಕ ಅಂಗಡಿಯ ಬಾಗಿಲಿನವರೆಗೆ ಮಾತ್ರ ತಲುಪುವುದರಿಂದ, ಅಲ್ಲಿಂದ ಮುಂದಕ್ಕೆ ಕುರ್ಚಿಯವರೆಗೆ ಇನ್ನೊಂದು ಪುಸ್ತಕ ಬೇಕಾಯಿತು.

ಸ್ವೀಡನ್ನಿನಲ್ಲಿ ಸಂಖ್ಯೆ ಮತ್ತು ಹೊತ್ತಿನ ಈ ಸಂಬಂಧ ನ್ಯಾಯಾಲಯದ ಮುಂದೆ ಬಂದುದು 2009ರಲ್ಲಿ. ಐರೋಪ್ಯ ನಿರ್ದೇಶವೊಂದನ್ನು ಅನುಸರಿಸಿ ಅಲ್ಲಿ ಹೊಸ ಕಾನೂನು ಆ ವರ್ಷದ ಏಪ್ರಿಲ್ 1ರಂದು ಜಾರಿಗೆ ಬಂದಿತು. ಕೃತಿಸ್ವಾಮ್ಯದ ಉಲ್ಲಂಘನೆಯಾಗಿದೆಯೆಂದು ನಂಬಲು ಆಧಾರವಿದ್ದರೆ, ಇಂಥ ವಿಳಾಸವನ್ನು ಬಳಸಿದವನ ಹೆಸರನ್ನು ತಿಳಿಸುವಂತೆ ಸೇವಾದಾತನನ್ನು ನಿರ್ಬಂಧಿಸಲು ಖಾಸಗಿ ವ್ಯಕ್ತಿಗಳೂ ನ್ಯಾಯಾಲಯವನ್ನು ಕೇಳಬಹುದು ಎಂಬುದು ಅದರ ಸಾರ. ಅಂದು ದೇಶದ ಅಂತರಜಾಲದ ಸಂಚಾರವೇ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿಯಿತೆಂದು ವರದಿಯಾಯಿತು. ಶ್ರವ್ಯಪುಸ್ತಕಗಳ ಐವರು ಪ್ರಕಾಶಕರು, 27 ಕೃತಿಗಳು ತಮ್ಮ ಅನುಮತಿಯಿಲ್ಲದೆ ಹಂಚಲ್ಪಟ್ಟಿವೆಯೆಂದು ದೂರಿ, ಈಫೋನ್ ಎಂಬ ಸೇವಾದಾತನ ವಿರುದ್ಧ ಸೋಲ್ನಾ ಜಿಲ್ಲಾ ನ್ಯಾಯಾಲಯಕ್ಕೆ ಹೋದರು; ಸೋಲ್ನಾ ಎಂಬುದು ಸುಂಡ್‌ಬೀಬರ್ಯ್‌ನ ನೆರೆಯ ಊರು, ಸುಂಡ್‌ಬೀಬರ್ಯ್‌ನ ವ್ಯಾಜ್ಯಗಳೂ ನಡೆಯುವುದು ಅದೇ ನ್ಯಾಯಾಲಯದಲ್ಲಿ. ಅವರ ಬೇಡಿಕೆಯ ಒಕ್ಕಣೆಯನ್ನು ಗಮನಿಸಬೇಕು: 2009ರ ಏಪ್ರಿಲ್ 1ರ ಮುಂಜಾನೆ 03:28ರಿಂದ 05:45ರವರೆಗೆ ಈ ಐಪಿ ವಿಳಾಸವನ್ನು ಬಳಸಿದವನ ಹೆಸರು ಮತ್ತು ಮನೆಯ ವಿಳಾಸ. ಕಾನೂನು ಹುಟ್ಟಿ ನಾಲ್ಕು ಗಂಟೆ ತುಂಬುವ ಮೊದಲೇ ಬಿದ್ದ ಈ ಹೊತ್ತಿನ ಗುರುತು ಆ ಅರ್ಜಿಯ ಪ್ರಾಣ.

ಆ ಹೊತ್ತನ್ನು ಓದುವುದು ಕೂಡ ಎಷ್ಟು ಎಚ್ಚರದ ಕೆಲಸವೆಂಬುದನ್ನು ನೋಡಿ. ಆ ವರ್ಷ ಯುರೋಪಿನ ಗಡಿಯಾರಗಳು ಬೇಸಗೆಯ ಕಾಲಮಾನಕ್ಕೆ ಒಂದು ಗಂಟೆ ಮುಂದಕ್ಕೆ ಸರಿದುದು ಮಾರ್ಚ್ 29ರ ಭಾನುವಾರ. ಅರ್ಜಿಯಲ್ಲಿ ಹೇಳಿದ ಮುಂಜಾನೆಗೆ ಮೂರು ದಿನ ಮಾತ್ರ ಹಿಂದೆ. ಸ್ವೀಡನ್ನಿನ ಬೇಸಗೆಯ ಗಡಿಯಾರದಲ್ಲಿ 03:28 ಆದಾಗ ವಿಶ್ವಕಾಲಮಾನದಲ್ಲಿ 01:28. ಗಡಿಯಾರವನ್ನು ಸರಿಸದೆ ಮರೆತ ಯಂತ್ರದಲ್ಲಿ 02:28. ಬೆಂಗಳೂರಿನಲ್ಲಿ ಅದೇ ಕ್ಷಣಕ್ಕೆ 06:58. ಒಬ್ಬನು ಒಂದು ಕಾಲಮಾನದಲ್ಲಿ ಬರೆದುದನ್ನು ಇನ್ನೊಬ್ಬನು ಮತ್ತೊಂದು ಕಾಲಮಾನದಲ್ಲಿ ಓದಿದರೆ, ನಡುವೆ ವಿಳಾಸ ಎಷ್ಟು ಕೈಗಳನ್ನು ದಾಟಿರುವುದೋ. ಸ್ವೀಡನ್ನಿನ ಜಾಲಗಳು ಒಂದನ್ನೊಂದು ಸಂಧಿಸುವ ಕೇಂದ್ರಗಳನ್ನು ನಡೆಸುವ ನೆಟ್‌ನೋಡ್ ಸಂಸ್ಥೆಯೇ ದೇಶದ ಕಂಪ್ಯೂಟರುಗಳಿಗೆ ಸರಿಯಾದ ಸಮಯವನ್ನು ಹಂಚುವ ಕಾರ್ಯವನ್ನೂ ನಡೆಸುತ್ತಿರುವುದು ವಿವೇಕದ ಏರ್ಪಾಟು. ದಾರಿಯ ಹೊಣೆ ಹೊತ್ತವರು ಗಡಿಯಾರದ ಹೊಣೆಯನ್ನೂ ಹೊರಬೇಕಾದುದು ನ್ಯಾಯ.

ಜಿಲ್ಲಾ ನ್ಯಾಯಾಲಯ ಪ್ರಕಾಶಕರ ಪರವಾಗಿ ಆಜ್ಞೆಮಾಡಿತು, ಮೇಲಿನ ನ್ಯಾಯಾಲಯ ಅದನ್ನು ತಿರುಗಿಸಿತು, ವ್ಯಾಜ್ಯ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯದವರೆಗೆ ಹೋಗಿ 2012ರ ಏಪ್ರಿಲ್ 19ರಂದು ಸ್ವೀಡನ್ನಿನ ಕಾನೂನು ಐರೋಪ್ಯ ನಿಯಮಗಳಿಗೆ ವಿರೋಧವಲ್ಲವೆಂಬ ಉತ್ತರ ಬಂದಿತು. ವರ್ಷದ ಕೊನೆಗೆ ಸ್ವೀಡನ್ನಿನ ಸರ್ವೋಚ್ಚ ನ್ಯಾಯಾಲಯ ಹೆಸರನ್ನು ತಿಳಿಸಬೇಕೆಂದಿತು. ಇಷ್ಟರ ನಡುವೆ ಬಾನ್‌ಹೋಫ್ ಎಂಬ ಇನ್ನೊಬ್ಬ ಸೇವಾದಾತನು, ಯಾರಿಗೆ ಯಾವ ವಿಳಾಸವೆಂಬ ದಾಖಲೆಯನ್ನೇ ತಾನು ಉಳಿಸಿಕೊಳ್ಳುವುದಿಲ್ಲವೆಂದು 2009ರ ಏಪ್ರಿಲಿನಲ್ಲಿಯೇ ಘೋಷಿಸಿದ್ದನು. ಪುಸ್ತಕವಿಲ್ಲದ ಮೇಲೆ ಸಂಖ್ಯೆಯನ್ನು ಹಿಡಿದು ಬಂದವನಿಗೆ ತೋರಿಸುವುದೇನು?

ಪುಸ್ತಕವಿದ್ದೂ ತಪ್ಪಾಗಿ ಓದಿದಾಗ ಏನಾಗುವುದೆಂಬುದಕ್ಕೆ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ಅದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. 2007ರ ಆಗಸ್ಟ್ ತಿಂಗಳ ಕೊನೆಯಲ್ಲಿ, ನಗರದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆಯ ಪೊಲೀಸರು ಬಂದು ಬಂಧಿಸಿದರು. ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಮಾನಿಸುವ ಚಿತ್ರವನ್ನು ಹಾಕಿದನೆಂಬುದು ಆಪಾದನೆ. ಆಧಾರವೆಂದರೆ ಒಂದು ಐಪಿ ವಿಳಾಸ. ಆ ಹೊತ್ತಿನಲ್ಲಿ ಆ ವಿಳಾಸ ಆತನದಾಗಿರಲಿಲ್ಲ. ಸೇವಾದಾತ ಸಂಸ್ಥೆ ಬೇರೊಬ್ಬ ಚಂದಾದಾರನ ಸ್ಥಾನದಲ್ಲಿ ಈತನ ಹೆಸರನ್ನು ಬರೆದು ಕೊಟ್ಟಿತ್ತು. ಯೆರವಡಾ ಸೆರೆಮನೆಯಲ್ಲಿ ಆತನು 50 ದಿನಗಳನ್ನು ಕಳೆದ ಮೇಲೆ ತಪ್ಪು ಬೆಳಕಿಗೆ ಬಂದು ಬಿಡುಗಡೆಯಾಯಿತು. ಆತನ ಸಂಪರ್ಕ ಡಯಲ್-ಅಪ್ಪಿನದಾಗಿರಲಿಲ್ಲ, ಬ್ರಾಡ್‌ಬ್ಯಾಂಡಿನದು. ಆದರೆ ಹೊತ್ತಿಗೊಂದು ವಿಳಾಸವೆಂಬ ಏರ್ಪಾಟು ಡಯಲ್-ಅಪ್ಪಿನಿಂದ ಬ್ರಾಡ್‌ಬ್ಯಾಂಡಿಗೆ ಹಾಗೆಯೇ ಇಳಿದುಬಂದಿದೆ. ಪೊಲೀಸರ ಕೈಯಲ್ಲಿದ್ದ ಕಾಗದವನ್ನು ಆ ದಿನ ಯಾರಾದರೊಬ್ಬರು ಪುಸ್ತಕದ ಸಾಲಿನೊಡನೆ ಇನ್ನೊಮ್ಮೆ ಹೋಲಿಸಿ ನೋಡಿದ್ದರೆ ಸಾಕಾಗಿತ್ತು. ಹೆಸರನ್ನು ಕೇಳುವ ಪತ್ರದಲ್ಲಿ ವಿಳಾಸದ ಜೊತೆಗೆ ದಿನ, ಸೆಕೆಂಡಿನವರೆಗಿನ ಹೊತ್ತು, ಯಾವ ಕಾಲಮಾನ ಎಂಬುದೆಲ್ಲ ಸ್ಪಷ್ಟವಾಗಿರಬೇಕು. ಉತ್ತರ ಕೊಡುವವನು ಮೂಲ ದಾಖಲೆಯ ಸಾಲನ್ನೇ ಲಗತ್ತಿಸಬೇಕು. ದೊರೆತ ಹೆಸರು ತನಿಖೆಯ ಆರಂಭವಾಗಬೇಕೇ ಹೊರತು ಬಂಧನಕ್ಕೆ ಅದೊಂದೇ ಕಾರಣವಾಗಕೂಡದು. ವಿಳಾಸ ತೋರಿಸುವುದು ಚಂದಾದಾರನನ್ನು. ಕೀಲಿಮಣೆಯ ಮುಂದೆ ಕುಳಿತವನು ಅವನ ಮಗನೋ ಅತಿಥಿಯೋ ನೆರೆಯವನೋ ಆಗಿರಬಹುದು.

ಇಂಥ ಸಂಖ್ಯೆಯನ್ನು ಕಾನೂನು ಹೇಗೆ ಕಾಣಬೇಕೆಂಬ ಬಗ್ಗೆ ಯುರೋಪಿನಲ್ಲಿ ಬಂದ ಎರಡು ತೀರ್ಪುಗಳು ಒಂದೇ ವರ್ಷದವು. 2016ರ ಅಕ್ಟೋಬರ್ 19ರಂದು, ಜರ್ಮನಿಯ ರಾಜಕಾರಣಿ ಪ್ಯಾಟ್ರಿಕ್ ಬ್ರೇಯರ್ ಹೂಡಿದ ಮೊಕದ್ದಮೆಯಲ್ಲಿ, ಬದಲಾಗುವ ಐಪಿ ವಿಳಾಸವೂ, ಸೇವಾದಾತನ ಬಳಿಯಿರುವ ಉಳಿದ ವಿವರವನ್ನು ಕಾನೂನಿನ ಮಾರ್ಗದಿಂದ ಪಡೆಯಬಲ್ಲವನ ಕೈಯಲ್ಲಿ, ವೈಯಕ್ತಿಕ ಮಾಹಿತಿಯೇ ಆಗುವುದೆಂದು ಐರೋಪ್ಯ ನ್ಯಾಯಾಲಯ ನಿರ್ಣಯಿಸಿತು. ಅದೇ ವರ್ಷದ ಡಿಸೆಂಬರ್ 21ರಂದು ಬಂದ ತೀರ್ಪಿನಲ್ಲಿ ಟೆಲೆ2 ವಾದಿ, ಸ್ವೀಡನ್ನಿನ ಅಂಚೆ ಮತ್ತು ದೂರಸಂಪರ್ಕ ಪ್ರಾಧಿಕಾರ ಪ್ರತಿವಾದಿ. ಎಲ್ಲ ಜನರ ಸಂಪರ್ಕದ ದಾಖಲೆಗಳನ್ನು ಭೇದವಿಲ್ಲದೆ ಕೂಡಿಡುವಂತೆ ಸರಕಾರ ಕಟ್ಟಳೆ ಮಾಡಕೂಡದೆಂದು ನ್ಯಾಯಾಲಯ ಹೇಳಿತು. 1991ರಲ್ಲಿ ದೇಶಕ್ಕೆ ಸ್ವಿಪ್‌ನೆಟ್ ಅನ್ನು ಕೊಟ್ಟ ಸಂಸ್ಥೆಯೇ ಇಪ್ಪತ್ತೈದು ವರ್ಷಗಳ ಅನಂತರ ತನ್ನ ಚಂದಾದಾರರ ಪುಸ್ತಕದ ಮಿತಿಗಾಗಿ ಹೋರಾಡಿದುದು ನನಗೆ ಅಭಿಮಾನದ ಸಂಗತಿಯಾಗಿ ಕಾಣುತ್ತದೆ.

ಇಂದು ಹೊತ್ತು ಕೂಡ ಸಾಲದಾಗಿದೆ. ಆಮ್ಸ್ಟರ್‌ಡ್ಯಾಮಿನ ರೈಪ್ ಎನ್‌ಸಿಸಿ ಸಂಸ್ಥೆಯ ಉಗ್ರಾಣದಲ್ಲಿ ಹಳೆಯ ಮಾದರಿಯ ವಿಳಾಸಗಳು 2019ರ ನವೆಂಬರ್ 25ರಂದು ಪೂರ್ಣವಾಗಿ ತೀರಿದುವು. ಅದಕ್ಕೆ ಮುಂಚೆಯೇ, 2012ರಲ್ಲಿ, 100.64ರಿಂದ 100.127ರವರೆಗಿನ 41,94,304 ವಿಳಾಸಗಳನ್ನು ಸೇವಾದಾತರ ಒಳಬಳಕೆಗೆಂದೇ ಮೀಸಲಿಡಲಾಯಿತು. ಮೊಬೈಲ್ ಫೋನಿನಲ್ಲಿ ಜಾಲವನ್ನು ಬಳಸುವ ಅನೇಕರು ಇಂದು ಕುಳಿತಿರುವುದು ಅಂಥ ಖಾಸಗಿ ವಿಳಾಸಗಳಲ್ಲಿ, ನೂರಾರು ಮಂದಿ ಒಂದೇ ಕ್ಷಣದಲ್ಲಿ ಒಂದೇ ಸಾರ್ವಜನಿಕ ವಿಳಾಸದ ಹಿಂದೆ. ಅವರನ್ನು ಪ್ರತ್ಯೇಕಿಸುವುದು ಪೋರ್ಟ್ ಎಂಬ ಇನ್ನೊಂದು ಸಂಖ್ಯೆ. ಜಾಲತಾಣಗಳನ್ನು ನಡೆಸುವವರು ಬಂದವನ ವಿಳಾಸದೊಡನೆ ಪೋರ್ಟನ್ನೂ ಸೆಕೆಂಡಿನವರೆಗಿನ ಹೊತ್ತನ್ನೂ ಬರೆದಿಡಬೇಕೆಂದು 2011ರ ಆರ್‌ಎಫ್‌ಸಿ 6302 ಸಲಹೆ ಮಾಡಿತು. ಆ ಸಲಹೆಯನ್ನು ಪಾಲಿಸದ ತಾಣಗಳ ದಾಖಲೆಯಿಂದ ಒಬ್ಬನೇ ಒಬ್ಬನನ್ನು ಗುರುತಿಸಿದೆವೆಂದು ಹೇಳುವ ಯಾವ ಪೊಲೀಸ್ ವರದಿಯನ್ನೂ ನ್ಯಾಯಾಧೀಶರು ಸುಲಭವಾಗಿ ಒಪ್ಪಬಾರದು.

ಹೊಸ ಮಾದರಿಯ ವಿಳಾಸ 128 ಬಿಟ್ಟುಗಳದು. ಬಡತನದ ಮಾತೇ ಅಲ್ಲಿಲ್ಲ, ಒಬ್ಬೊಬ್ಬನ ಒಂದೊಂದು ಯಂತ್ರಕ್ಕೂ ಶಾಶ್ವತ ವಿಳಾಸ ಕೊಡಬಹುದು. ಮೊದಲು ಹಾಗೆಯೇ ಯೋಜಿಸಿದರು: ಯಂತ್ರದ ಒಡಲಿನಲ್ಲಿ ಕೆತ್ತಿದ ಸಂಖ್ಯೆಯೇ ವಿಳಾಸದ ಉತ್ತರಾರ್ಧವಾಗುವಂತೆ. ಆಗ ಮನುಷ್ಯನು ಎಲ್ಲಿ ಹೋದರೂ ಅವನ ಯಂತ್ರ ಒಂದೇ ಗುರುತನ್ನು ಬಿಟ್ಟು ಬರುವುದೆಂಬ ಭಯ ಹುಟ್ಟಿತು. 2001ರ ಜನವರಿಯಲ್ಲಿ ಥಾಮಸ್ ನಾರ್ಟೆನ್ ಮತ್ತು ರಿಚರ್ಡ್ ಡ್ರೇವ್ಸ್ ಬರೆದ ಆರ್‌ಎಫ್‌ಸಿ 3041 ಇದಕ್ಕೆ ಪರಿಹಾರವಾಗಿ, ಆ ಉತ್ತರಾರ್ಧವನ್ನು ಯಂತ್ರವು ಸಾಮಾನ್ಯವಾಗಿ ದಿನಕ್ಕೊಮ್ಮೆ ಯಾದೃಚ್ಛಿಕವಾಗಿ ಬದಲಿಸಿಕೊಳ್ಳುವ ವಿಧಾನವನ್ನು ತಿಳಿಸಿತು. ಅಭಾವದ ದಿನಗಳಲ್ಲಿ ಬಯಸದೆ ಬಂದ ಚಂಚಲತೆಯನ್ನು ಸಮೃದ್ಧಿಯ ದಿನಗಳಲ್ಲಿ ಬಯಸಿ ತಂದುಕೊಂಡರು. ಆದರೆ ಪೂರ್ವಾರ್ಧ ಮನೆಯನ್ನು ಸೂಚಿಸುವ ಭಾಗ. ಸೇವಾದಾತನು ಬದಲಿಸುವವರೆಗೆ ಅದು ಹಾಗೆಯೇ ಇರುತ್ತದೆ, ಕೆಲವೆಡೆ ತಿಂಗಳುಗಟ್ಟಲೆ. ಮನೆಯೊಳಗಿನ ಯಾವ ಯಂತ್ರವೆಂಬುದು ನಾಳೆಗೆ ಮರೆಯಾದರೂ ಯಾವ ಮನೆಯೆಂಬುದು ಮರೆಯಾಗುವುದಿಲ್ಲ. ಕರೆಯನ್ನು ಮುಗಿಸಿದೊಡನೆ ಸಂಖ್ಯೆಯಿಂದ ಪೂರ್ಣವಾಗಿ ಬಿಡುಗಡೆ ಹೊಂದುತ್ತಿದ್ದ ಡಯಲ್-ಅಪ್ ಬಳಕೆದಾರನಿಗಿದ್ದಷ್ಟು ಮರೆ ಇಂದಿನ ಗೃಹಸ್ಥನಿಗೆ ಬೇಕಾದರೆ, ಆ ಪೂರ್ವಾರ್ಧವನ್ನೂ ಆಗಾಗ್ಗೆ ಬದಲಿಸುವಂತೆ ಸೇವಾದಾತನನ್ನೇ ಕೇಳಬೇಕಾಗುತ್ತದೆ.